ತೊಂಬತ್ತೊಂದರ ಮರಣ ಪುಸ್ತಕ

ಹಲಸೂರು
10 ಫೆಬ್ರವರಿ 2025

ಮಂಜುಳಮ್ಮನವರಿಗೆ ನಮಸ್ಕಾರಗಳು.

ನನ್ನ ಕೈಬರಹವನ್ನು ಲಕೋಟೆಯ ಮೇಲೆ ನೋಡಿಯೇ ನೀವು ಇದನ್ನು ಒಡೆಯದೆ ಇಟ್ಟಿರಬಹುದು. ಒಡೆದಿದ್ದರೆ ದಯವಿಟ್ಟು ಪೂರ್ತಿ ಓದಿ. ಫೋನ್ ಮಾಡುವ ಧೈರ್ಯ ಆಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಮಾಡಿದಾಗ ನೀವು ನನ್ನ ದನಿ ಕೇಳಿ ಇಟ್ಟುಬಿಟ್ಟಿರಿ. ನಿಮ್ಮ ಕೆ.ಆರ್. ಪುರದ ವಿಳಾಸವನ್ನು ಪಿಂಚಣಿ ಶಾಖೆಯಲ್ಲಿ ಕೇಳಿ ಪಡೆದೆ.

ಕಚೇರಿಯ ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ಜನನ ಮರಣ ಶಾಖೆಯ ಹಳೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ಸಂಕ್ರಾಂತಿ ಕಳೆದ ಮೇಲೆ ಶುರುವಾಗಿದೆ. ಸೂರ್ಯ ಎಂಬ ಹೊಸ ಅಧಿಕಾರಿ ಬಂದಿದ್ದಾರೆ, ಮೂವತ್ತು ದಾಟಿಲ್ಲ. ಮೊದಲ ದಿನವೇ ನಮ್ಮನ್ನೆಲ್ಲ ಕೂರಿಸಿಕೊಂಡು, "ಬೆಂಕಿ ಬೀಳ್ಲಿ, ನೀರು ನುಗ್ಲಿ, ಇನ್ಮೇಲೆ ಒಂದು ಹೆಸರೂ ಹೋಗ್ಬಾರ್ದು" ಎಂದರು. ಒಂದೊಂದು ಪುಟದ ಚಿತ್ರ ತೆಗೆದು, ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿ, ಮೂರು ಕಡೆ ಇಡುತ್ತಾರಂತೆ. ಅದರಲ್ಲಿ ಒಂದು ಕಡೆ ಬೇರೆ ಊರಿನಲ್ಲಿದೆ.

ಒಳ್ಳೆಯ ಸ್ಥಿತಿಯ ಪುಸ್ತಕಗಳು ಸುಲಭವಾಗಿ ಮುಗಿಯುತ್ತಿವೆ. ತೊಂದರೆ 2013ರ ಮಳೆಯಲ್ಲಿ ನೆನೆದವುಗಳದ್ದು. ಮೂರರಲ್ಲಿ ಎರಡು ಪೂರ್ತಿ ಕರಗಿವೆ. ಮೂರನೆಯದು 1991ರ ಮರಣ ಪುಸ್ತಕ, ಎರಡನೇ ಭಾಗ. ಹಾಳೆಗಳು ಅಂಟಿಕೊಂಡು ಇಟ್ಟಿಗೆಯಂತಾಗಿದೆ. ಭೀಮೇಶ್ ಎಂಬ ಒಬ್ಬರು ಅಂಟಿದ ಕಾಗದ ಬಿಡಿಸುವುದನ್ನು ಕಲಿತವರು. ತಾಳ್ಮೆಯಿಂದ ದಿನಕ್ಕೆ ನಾಲ್ಕೈದು ಹಾಳೆ ಬಿಡಿಸುತ್ತಾರೆ. ಆದರೆ ಬಿಡಿಸಿದ ಮೇಲೂ ನಮಗೆ ಓದಲಾಗುತ್ತಿಲ್ಲ. ಶಾಯಿ ಹರಡಿದೆ. ಅಲ್ಲದೆ ಸಾವಿನ ಕಾರಣದ ಕಾಲಮಿನಲ್ಲಿ ಬರಿಯ ಎರಡೆರಡು ಅಕ್ಷರಗಳಿವೆ.

ಆ ಪುಸ್ತಕ ಬರೆದವರು ನೀವು. ಆ ಅಕ್ಷರಗಳ ಅರ್ಥ ನಿಮ್ಮೊಬ್ಬರಿಗೇ ಗೊತ್ತು. ಜೂನ್ ಕೊನೆಯೊಳಗೆ ಓದಿ ಮುಗಿಸದಿದ್ದರೆ ಅದನ್ನು ಓದಲಾಗದ ಪುಸ್ತಕ ಎಂದು ಬರೆದು ವಿಲೇವಾರಿಗೆ ಕಳಿಸುತ್ತಾರೆ.

ಸಹಾಯ ಮಾಡುತ್ತೀರಾ ಎಂದು ಕೇಳಲು ಬರೆದೆ. ಬೇರೆ ಕಾರಣವಿಲ್ಲ.

ಇಂತಿ,
ಉಮ್ಮೆ ಕುಲ್ಸುಂ


ಕೃಷ್ಣರಾಜಪುರ
3 ಮಾರ್ಚ್ 2025

ಶ್ರೀಮತಿ ಉಮ್ಮೆ ಕುಲ್ಸುಂ ಅವರಿಗೆ,

ನಿಮ್ಮ ಪತ್ರ ಬಂದು ಹದಿನೈದು ದಿನದ ಮೇಲಾಯಿತು. ಒಡೆದದ್ದು ಮೊನ್ನೆ. ಡಿಸೆಂಬರಿನಲ್ಲಿ ಎರಡೂ ಮೊಣಕಾಲಿನ ಆಪರೇಷನ್ ಆಗಿದೆ. ಕಚೇರಿಗೆ ಬರಲು ಆಗುವುದಿಲ್ಲ. ಆಗುವಂತಿದ್ದರೂ ಬರುತ್ತಿದ್ದೆನೋ ಇಲ್ಲವೋ.

ಪುಸ್ತಕಗಳು ನೆನೆದ ಮೇಲೆ ನಡೆದ ವಿಚಾರಣೆಯಲ್ಲಿ ನೀವು ಕೊಟ್ಟ ಹೇಳಿಕೆಯ ಪ್ರತಿ ನನ್ನ ಬಳಿ ಇದೆ. "ಬೀಗದ ಕೈ ಮಂಜುಳಮ್ಮನವರ ಹತ್ತಿರ ಇತ್ತು. ಪುಸ್ತಕಗಳನ್ನು ನೆಲದ ಮೇಲೆ ಇಟ್ಟವರು ಯಾರೆಂದು ಗೊತ್ತಿಲ್ಲ." ಎರಡು ಸಾಲು. ಆ ಎರಡು ಸಾಲಿಗೆ ನನಗೆ ಬಡ್ತಿ ತಪ್ಪಿತು, ಆನೇಕಲ್ ಕಡೆಗೆ ವರ್ಗವಾಯಿತು. ನಿವೃತ್ತಿಯವರೆಗೆ ದಿನಕ್ಕೆ ಐದು ಗಂಟೆ ಬಸ್ಸಿನಲ್ಲಿ ಕಳೆದೆ. ನೀವು ಹೇಳಿದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇತ್ತು. ಹದಿನೇಳು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದವರು ಮೂರನೆಯ ಸಾಲೊಂದನ್ನು ಹೇಳಬಹುದಿತ್ತು ಎಂದುಕೊಂಡಿದ್ದೆ.

ಇರಲಿ. ಪುಸ್ತಕದಲ್ಲಿರುವವರು ಯಾರ ಯಾರದೋ ಮನೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರುಗಳು ಕಾರಣವನ್ನು ಇಂಗ್ಲಿಷಿನಲ್ಲಿ ಉದ್ದವಾಗಿ ಬರೆದುಕೊಡುತ್ತಿದ್ದರು. ನಮ್ಮ ಕಾಲಮ್ಮು ಎರಡು ಬೆರಳಗಲ. ಹಾಗಾಗಿ ನಾನೇ ಗುರುತು ಮಾಡಿಕೊಂಡಿದ್ದೆ.

ವ.ಸ. — ವಯೋಸಹಜ
ಹೃ.ಆ. — ಹೃದಯಾಘಾತ
ಉ.ತೊ. — ಉಸಿರಾಟದ ತೊಂದರೆ
ಅ.ಮು. — ಅವಧಿಗೆ ಮುಂಚೆ ಹುಟ್ಟಿದ್ದು
ರ.ಅ. — ರಸ್ತೆ ಅಪಘಾತ
ಸು.ಗಾ. — ಸುಟ್ಟ ಗಾಯ
ಹು.ದೋ. — ಹುಟ್ಟಿನಿಂದಲೇ ಹೃದಯದಲ್ಲಿ ದೋಷ. ರಂಧ್ರ ಇರುತ್ತದಲ್ಲ, ಅದು.

ಇಷ್ಟು ಸಾಕು ಎಂದುಕೊಂಡಿದ್ದೇನೆ.

ಮಂಜುಳಮ್ಮ


ಹಲಸೂರು
12 ಮಾರ್ಚ್ 2025

ಮಂಜುಳಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಪಟ್ಟಿಯನ್ನು ಟೈಪ್ ಮಾಡಿಸಿ ಸ್ಕ್ಯಾನ್ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ಏಳನೆಯದನ್ನು ನಾನು ಬೇರೆ ರೀತಿ ಓದಿಕೊಂಡಿದ್ದೆ. ತಿದ್ದಿಕೊಂಡೆ.

ವಿಚಾರಣೆಯ ಬಗ್ಗೆ ನೀವು ಬರೆದದ್ದಕ್ಕೆ ಈ ಪತ್ರದಲ್ಲಿ ಉತ್ತರ ಕೊಡುವುದಿಲ್ಲ. ಕೊಡಬೇಕು ಎಂಬುದು ಗೊತ್ತಿದೆ.

ಮೊನ್ನೆ ಅಂಬಣ್ಣ ಎಂಬವರು ಬಂದಿದ್ದರು. ರಾಮಮೂರ್ತಿ ನಗರದಲ್ಲಿ ಆಟೋ ಓಡಿಸುತ್ತಾರೆ. ಇವರ ತಂದೆ 1991ರ ಸೆಪ್ಟೆಂಬರಿನಲ್ಲಿ ಹೋದರು. ಆ ಸಾವಿನ ಪತ್ರವಿಲ್ಲದೆ ಮನೆಯ ಖಾತೆ ಈಗಲೂ ತೀರಿಹೋದವರ ಹೆಸರಿನಲ್ಲಿದೆ. ಹತ್ತು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಬಂದಿದ್ದರಂತೆ. ಈಗ ಅಣ್ಣನೂ ಇಲ್ಲ. ಪ್ಲಾಸ್ಟಿಕ್ ಕವರಿನಿಂದ ಒಂದು ಚೀಟಿ ತೆಗೆದು ಮುಂದಿಟ್ಟರು. "ದಾಖಲೆ ಲಭ್ಯವಿರುವುದಿಲ್ಲ" ಎಂದಿತ್ತು. ಕೆಳಗಿನ ಸಹಿ ನನ್ನದು.

"ಆವಾಗ ನೀವೇ ಬರ್ಕೊಟ್ಟಿದ್ದು ಮೇಡಂ, ಇಲ್ಲ ಅಂತ" ಎಂದರು.

"ಹೌದು, ನಾನೇ" ಎಂದೆ.

"ಈಗ ಏನೋ ಕಂಪ್ಯೂಟರ್‌ಗೆ ಹಾಕ್ತಾ ಇದೀರಂತೆ. ಅದ್ರಲ್ಲಿ ಸಿಗುತ್ತಾ?"

ಮೇ ತಿಂಗಳಲ್ಲಿ ಬಂದು ನೋಡಿ ಎಂದು ಹೇಳಿ ಕಳಿಸಿದೆ. ಆ ಮಳೆಯಾದ ಮೇಲೆ ಅಂಥ ಎಷ್ಟು ಚೀಟಿ ಬರೆದುಕೊಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ.

ಮೊದಲ ನಲವತ್ತು ಪುಟಗಳ ಪ್ರತಿಗಳನ್ನು ದೊಡ್ಡದಾಗಿ ತೆಗೆಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸೂರ್ಯ ಅವರ ಒಪ್ಪಿಗೆ ಇದೆ. ಕೇಳದೆ ಕಳಿಸಿದ್ದಕ್ಕೆ ಬೇಸರಿಸಬೇಡಿ. ಬೇಡವೆನಿಸಿದರೆ ಹಾಗೆಯೇ ವಾಪಸು ಮಾಡಿ.

ಇಂತಿ,
ಉಮ್ಮೆ ಕುಲ್ಸುಂ


ಕೃಷ್ಣರಾಜಪುರ
1 ಏಪ್ರಿಲ್ 2025

ಶ್ರೀಮತಿ ಕುಲ್ಸುಂ ಅವರಿಗೆ,

ನಲವತ್ತು ಪುಟವನ್ನೂ ಓದಿ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಒಟ್ಟು ಹನ್ನೊಂದು ಸಾಲು ನನಗೂ ಸಿಗಲಿಲ್ಲ. ಊಹೆ ಮಾಡಿ ಬರೆಯಬಾರದು, ಖಾಲಿ ಬಿಟ್ಟಿದ್ದೇನೆ. ಕಂಪ್ಯೂಟರಿಗೆ ಹಾಕುವವರಿಗೂ ಹಾಗೆಯೇ ಹೇಳಿ.

ತಂಗಿಯ ಮಗಳು ಸಂಘಮಿತ್ರಾ ನನ್ನ ಜೊತೆ ಇದ್ದಾಳೆ. ಇಲ್ಲೇ ಶಾಲೆಯಲ್ಲಿ ಟೀಚರ್. ಊಟದ ಮೇಜಿನ ತುಂಬ ನಿಮ್ಮ ಹಾಳೆಗಳು. "ದೊಡ್ಡಮ್ಮ, ಫಿಸಿಯೋದವರು ಹೇಳಿದ್ದನ್ನ ಮಾಡಲ್ಲ, ಇದಕ್ಕೆ ಮಾತ್ರ ಮೂರು ಗಂಟೆ ಕೂರ್ತೀರಾ" ಎಂದು ಬೈಯುತ್ತಾಳೆ.

ಆಗ ನನಗೆ ಇಪ್ಪತ್ತೇಳು. ನನ್ನ 'ರ' ಎಷ್ಟು ದುಂಡಗಿತ್ತು. ನಾಲ್ಕು ಗಂಟೆಯ ಮೇಲೆ ಬರೆದ ಸಾಲುಗಳು ಎಡಕ್ಕೆ ವಾಲಿವೆ, ಬೆಳಗಿನವು ನೆಟ್ಟಗಿವೆ. ಯಾರ ಮುಖವೂ ನೆನಪಿಲ್ಲ. ಕಿಟಕಿಯ ಆಚೆ ನಿಂತು ಹೇಳುತ್ತಿದ್ದರು, ಈಚೆ ನಾನು ಬರೆಯುತ್ತಿದ್ದೆ. ಅಳುವವರಿಗೆ, ಸ್ವಲ್ಪ ಸುಧಾರಿಸ್ಕೊಂಡು ಬನ್ನಿ ಎಂದು ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ಈಗ ಒಂದೊಂದೇ ಓದುವಾಗ ಗೊತ್ತಾಗುತ್ತದೆ, ಒಂದೇ ವಾರದಲ್ಲಿ ಒಂದೇ ಮನೆಯವರು ಮೂರು ಸಲ ಬಂದಿದ್ದಾರೆ. ಬರೆಯುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಮಾತು. ಆ ಮೂರು ಪುಸ್ತಕಗಳ ಜಾಗ ಮೇಲಿನ ಹಲಗೆ. ಅವು ಕೆಳಗೆ ಹೇಗೆ ಬಂದವು ಎಂದು ಆಗಲೂ ಗೊತ್ತಾಗಲಿಲ್ಲ. ಯಾರೋ ಇಳಿಸಿರಬೇಕು.

ಉಳಿದ ಪುಟಗಳನ್ನು ಕಳಿಸಿ. ವಾರಕ್ಕೆ ಇಪ್ಪತ್ತು ಓದಬಲ್ಲೆ.

ಮಂಜುಳಮ್ಮ


ಹಲಸೂರು
22 ಏಪ್ರಿಲ್ 2025

ಮಂಜುಳಮ್ಮನವರಿಗೆ,

ಎಂಬತ್ತರವರೆಗಿನವು ನಿಮ್ಮಿಂದ ಓದಿ ಬಂದವು. ಇವು ಎಂಬತ್ತೊಂದರಿಂದ ತೊಂಬತ್ತಾರರವರೆಗಿನ ಪುಟಗಳು. ಭೀಮೇಶ್ ಇವನ್ನು ಬಿಡಿಸಲು ಎರಡು ವಾರ ತೆಗೆದುಕೊಂಡರು.

ನಿಧಾನವಾಗಿ ನೋಡಿ.

ಕುಲ್ಸುಂ


ಕೃಷ್ಣರಾಜಪುರ
5 ಮೇ 2025

ಕುಲ್ಸುಂ ಅವರಿಗೆ,

ಪುಟಗಳನ್ನು ಓದಿ ಕಳಿಸಿದ್ದೇನೆ. ಅಂಬಣ್ಣನವರ ತಂದೆ ತೊಂಬತ್ತನಾಲ್ಕನೆಯ ಪುಟದಲ್ಲಿದ್ದಾರೆ, ಮೇಲಿನಿಂದ ಐದನೆಯ ಸಾಲು. ಹೆಸರು, ತಾರೀಕು, ವಿಳಾಸ ಮೂರೂ ಸ್ಪಷ್ಟವಾಗಿವೆ. ಅವರಿಗೆ ತಿಳಿಸಿ.

ಎಂಬತ್ತೆಂಟನೆಯ ಪುಟದಲ್ಲಿ ಒಂದು ಸಾಲಿನ ಪಕ್ಕ ನಾನು ಏನೂ ಬರೆದಿಲ್ಲ. ಹದಿನೇಳನೆಯದು. ಅದನ್ನು ಓದಲು ನಿಮಗೆ ನನ್ನ ಸಹಾಯ ಬೇಕಾಗಿರಲಾರದು.

ಮಂಜುಳಮ್ಮ


ಶಿವಾಜಿನಗರ
11 ಮೇ 2025

ಮಂಜುಳಕ್ಕನಿಗೆ,

ಇದನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಚೇರಿಯ ಪತ್ರವಲ್ಲ.

ತಾಯಿಯ ಹೆಸರು ನೋಡಿ ನಿಮಗೆ ಗೊತ್ತಾಗಿರಬೇಕು, ಹದಿನೇಳನೆಯ ಸಾಲು ನನ್ನ ಮಗಳದ್ದು. 1991ರ ಆಗಸ್ಟ್. ನನಗೆ ಇಪ್ಪತ್ತೆರಡು ವರ್ಷ. ಶಿವಾಜಿನಗರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ನೀಲಿ ತಿರುಗಿತೆಂದು ಮನೆಯವರು ಅದನ್ನು ಬೇರೆ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಎರಡನೆಯ ದಿನ ಬರಿಗೈಯಲ್ಲಿ ಬಂದರು. ಮಣ್ಣು ಮಾಡಿದ್ದೂ ಆಗಿತ್ತು. ನಿಮ್ಮ ಕಿಟಕಿಗೆ ಬಂದು ಬರೆಸಿದವರು ನನ್ನ ಗಂಡ ಅಫ್ಜಲ್. ಆಗ ಅವರು ಕಾರ್ಪೊರೇಷನ್ನಿನಲ್ಲಿ ಡ್ರೈವರ್.

ಏನಾಗಿತ್ತು ಎಂದು ನನಗೆ ಯಾರೂ ಹೇಳಲಿಲ್ಲ. ಆಗ ಬೀದಿಯ ನಲ್ಲಿಯಿಂದ ಎರಡು ಮಹಡಿ ನೀರು ಹೊರಬೇಕಿತ್ತು. ಏಳನೆಯ ತಿಂಗಳಿನಲ್ಲೂ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದ್ದೆ. ಅದರಿಂದಲೇ ಹೀಗಾಯಿತು ಎಂದು ಅತ್ತೆ ನೆಂಟರಿಗೆಲ್ಲ ಹೇಳಿದರು. ಅಫ್ಜಲ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ತೊಂಬತ್ತಾರರಲ್ಲಿ ಅವರೂ ಹೋದರು. ಅವರ ನೌಕರಿಯ ಬದಲು ನನಗೆ ಈ ನೌಕರಿ ಸಿಕ್ಕಿತು. ನನ್ನನ್ನು ನಿಮ್ಮ ಶಾಖೆಗೇ ಹಾಕಿದರು.

ಸೇರಿದ ಎರಡನೆಯ ತಿಂಗಳು ನೀವು ರಜೆಯಲ್ಲಿದ್ದಾಗ ಆ ಪುಸ್ತಕ ತೆಗೆದು ನೋಡಿದೆ. ಕಾರಣದ ಕಾಲಮಿನಲ್ಲಿ ಹು.ದೋ. ಎಂದಿತ್ತು. ನಾನು ಅದನ್ನು ಹುಟ್ಟಿಸಿದವಳ ದೋಷ ಎಂದು ಓದಿಕೊಂಡೆ. ಸರ್ಕಾರಿ ಪುಸ್ತಕದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹಾಗೆಯೇ ಓದಿಕೊಂಡೆ. ನಿಮ್ಮನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹದಿನೇಳು ವರ್ಷ ಕೇಳಲಿಲ್ಲ.

2013ರ ಆ ದಿನ ಕೇಳೋಣ ಎಂದುಕೊಂಡೆ. ಮಧ್ಯಾಹ್ನ ದಾಖಲೆ ಕೋಣೆಗೆ ಹೋಗಿ, ಮೇಲಿನ ಎರಡು ಪುಸ್ತಕ ಇಳಿಸಿ, ಇದನ್ನೂ ಇಳಿಸಿ, ನೆಲದ ಮೇಲೆ ಕೂತು ಪುಟ ತೆಗೆದಿಟ್ಟುಕೊಂಡೆ. ನೀವು ಬಂದರೆ ತೋರಿಸುವುದು ಎಂದು. ಆಗ ನೀವು ಹೊರಗಿನಿಂದ, "ಕುಲ್ಸುಂ, ಜನ ನಿಂತವ್ರೆ, ಕಿಟಕಿಗೆ ಬಾ" ಎಂದು ಕರೆದಿರಿ. ಹೋದೆ. ಐದು ಗಂಟೆಯವರೆಗೂ ಕಿಟಕಿ ಬಿಡಲಾಗಲಿಲ್ಲ. ಆಮೇಲೆ ಧೈರ್ಯವೂ ಉಳಿದಿರಲಿಲ್ಲ. ಪುಸ್ತಕ ಎತ್ತಿಡದೆ ಮನೆಗೆ ಹೊರಟೆ. ಮಾರನೆಯ ಬೆಳಿಗ್ಗೆ ಮೊಣಕಾಲುದ್ದ ಚರಂಡಿ ನೀರು.

ನನ್ನ ಹೇಳಿಕೆಯ ಎರಡನೆಯ ಸಾಲು ಸುಳ್ಳು. ಇಟ್ಟವಳು ನಾನು. ವಿಚಾರಣೆಯವರು ಯಾಕೆ ಇಳಿಸಿದಿರಿ ಎಂದು ಕೇಳಿದ್ದರೆ ಉತ್ತರ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮ ಬಡ್ತಿ, ನಿಮ್ಮ ಐದು ಗಂಟೆಯ ಬಸ್ಸು, ಅಂಬಣ್ಣನವರ ಖಾತೆ ಎಲ್ಲವೂ ಅಲ್ಲಿಂದ ಬಂದವು.

ಮಾರ್ಚಿನಲ್ಲಿ ನಿಮ್ಮ ಪಟ್ಟಿ ಬಂದಾಗ ಏಳನೆಯದನ್ನು ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ನನ್ನ ಸಮಾಧಾನಕ್ಕೆಂದು ನೀವು ಅದನ್ನು ಬರೆದದ್ದಲ್ಲ. ನಿಮಗೆ ಏನೂ ಗೊತ್ತಿರಲಿಲ್ಲ, ಅಲ್ಲದೆ ನನ್ನ ಮೇಲೆ ಸಿಟ್ಟಿನಲ್ಲಿದ್ದಿರಿ. ಆದ್ದರಿಂದಲೇ ಅದನ್ನು ನಂಬಿದೆ.

ಕ್ಷಮೆ ಕೇಳುತ್ತೇನೆ. ಕೊಡಬೇಕೆಂದು ಬರೆದದ್ದಲ್ಲ.

ಕುಲ್ಸುಂ


ಹಲಸೂರು
24 ಜೂನ್ 2025

ಮಂಜುಳಕ್ಕನಿಗೆ,

ಆರು ವಾರವಾಯಿತು. ನಿಮ್ಮ ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ. ಕೆಲಸ ಹೇಗೆ ಮುಗಿಯಿತು ಎಂದು ತಿಳಿಸುವುದು ನನ್ನ ಜವಾಬ್ದಾರಿ, ಅದಕ್ಕೆ ಬರೆಯುತ್ತಿದ್ದೇನೆ.

ಪುಸ್ತಕದ ನೂರಾ ಎಂಬತ್ತು ಪುಟದಲ್ಲಿ ನೂರಾ ಅರವತ್ತೊಂದು ಉಳಿದವು. ಕೊನೆಯ ಪುಟಗಳು ಬಿಡಿಸುವಾಗ ಪುಡಿಯಾದವು. ಅವುಗಳ ಮುಂದೆ ಸೂರ್ಯ ಅವರು "ನಷ್ಟ" ಎಂದು ಬರೆಸಿದ್ದಾರೆ. ಉಳಿದದ್ದೆಲ್ಲ ಈಗ ಮೂರು ಕಡೆ ಇದೆ. ಪುಸ್ತಕವನ್ನು ವಿಲೇವಾರಿಗೆ ಕಳಿಸುತ್ತಿಲ್ಲ. ಬಟ್ಟೆ ಸುತ್ತಿ ಎರಡನೆಯ ಮಹಡಿಯಲ್ಲಿ ಇಟ್ಟಿದ್ದಾರೆ.

ಅಂಬಣ್ಣನವರಿಗೆ ಮರಣ ಪತ್ರ ಕೊಟ್ಟೆವು. ಎರಡು ಸಲ ಓದಿ, "ಇಷ್ಟು ವರ್ಷ ಎಲ್ಲಿತ್ತು ಮೇಡಂ ಇದು?" ಎಂದರು.

"ಇಲ್ಲೇ ಇತ್ತು" ಎಂದೆ.

"ಅಣ್ಣ ಇದ್ದಾಗ್ಲೇ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಹೋದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಹೇಳಿಕೆಯನ್ನು ಸರಿಪಡಿಸಿ ಒಂದೂವರೆ ಪುಟ ಬರೆದು ಸೂರ್ಯ ಅವರಿಗೆ ಕೊಟ್ಟೆ. ನಿಂತೇ ಓದಿದರು. "ಮೇಡಂ, ಆ ವಿಚಾರಣೆ ಫೈಲೇ ಇಲ್ಲ. ಹತ್ತು ವರ್ಷ ಮುಗೀತಲ್ಲ, ಹೋದ ವರ್ಷ ಬೇಡದ ಕಡತಗಳ ಜೊತೆ ಹೊರಟೋಯ್ತು. ಇದನ್ನ ಯಾವ್ದಕ್ಕೆ ಸೇರಿಸ್ಲಿ?" ಎಂದರು. ಯಾವುದಕ್ಕಾದರೂ ಸೇರಿಸಿ, ಸ್ವೀಕೃತಿ ಸಂಖ್ಯೆ ಮಾತ್ರ ಕೊಡಿ ಎಂದೆ. ಕೊಟ್ಟರು. ಅದರ ಪ್ರತಿ ಇದರೊಂದಿಗಿದೆ. ಮೇಲಿನವರು ಕೇಳಿದರೆ ಏನಾಗುತ್ತದೋ ಗೊತ್ತಿಲ್ಲ. ಇನ್ನೂ ನಾಲ್ಕು ವರ್ಷ ಸರ್ವಿಸ್ ಇದೆ.

ಇನ್ನೊಂದು ವಿಷಯ. ಹೆಸರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ಎಂಬತ್ತೆಂಟನೆಯ ಪುಟ ಬಂದಾಗ ಸೂರ್ಯ ಅವರು ನನ್ನನ್ನು ಕರೆದು, "ಮಗೂಗೆ ಹೆಸರು ಇಟ್ಟಿದ್ರಾ? ಇದ್ರೆ ಹೇಳಿ ಮೇಡಂ, ಹಾಕೋಣ, ಯಾರು ನೋಡ್ತಾರೆ" ಎಂದರು. ನಾನು ಬೇಡ ಎಂದೆ. ಇಪ್ಪತ್ತೊಂಬತ್ತು ವರ್ಷದಿಂದ ಕಿಟಕಿಗೆ ಬಂದವರಿಗೆಲ್ಲ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯಲಾಗುವುದಿಲ್ಲ ಎಂದು ಹೇಳಿ ಕಳಿಸಿದವಳು ನಾನು. ಅವರು "ಹೆಸರಿಡದ ಹೆಣ್ಣು ಮಗು" ಎಂದು ಟೈಪ್ ಮಾಡಿದರು. ನಾನು ಪಕ್ಕದಲ್ಲಿ ನಿಂತು ಕಾಗುಣಿತ ಸರಿಯಿದೆಯೇ ನೋಡಿದೆ.

ನಿಮ್ಮ ಮೊಣಕಾಲು ಹೇಗಿದೆ?

ಕುಲ್ಸುಂ


ಕೃಷ್ಣರಾಜಪುರ
6 ಜುಲೈ 2025

ಕುಲ್ಸುಂ,

ನಿನ್ನ ಮೇ ತಿಂಗಳ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಈಗ ನೇರವಾಗಿ ಹೇಳಿಬಿಡುತ್ತೇನೆ.

ಆ ಸಂಜೆ ಕೋಣೆಗೆ ಬೀಗ ಹಾಕಿದವಳು ನಾನು. ಹಾಕುವ ಮುಂಚೆ ದೀಪ ಆರಿಸಲು ಒಳಗೆ ಹೋಗಿದ್ದೆ. ಮೂರು ಪುಸ್ತಕ ನೆಲದ ಮೇಲಿರುವುದನ್ನು ನೋಡಿದೆ. ಒಂದು ತೆರೆದೇ ಇತ್ತು. ಒಂದೊಂದೂ ಏಳೆಂಟು ಕೆಜಿ, ಏಣಿ ಹತ್ತಬೇಕು, ಆಗಲೇ ಮೊಣಕಾಲು ನೋಯುತ್ತಿತ್ತು. ಆರು ಗಂಟೆಯ ಬಸ್ಸು ತಪ್ಪಿದರೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಮುಂದಿನ ಬಸ್ಸಿಗೆ ಒಂದು ಗಂಟೆ ನಿಲ್ಲಬೇಕು. ನಾಳೆ ಎತ್ತಿಟ್ಟರಾಯಿತು ಎಂದುಕೊಂಡು ಬೀಗ ಹಾಕಿದೆ. ಕೆಳಗಿದ್ದ ಪುಸ್ತಕ ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದೆ. ನೀನು ಹೇಳಿದ್ದಕ್ಕಿಂತ ಅದೇನೂ ಸಣ್ಣ ಸುಳ್ಳಲ್ಲ.

ನಿನ್ನ ಮೇಲೆ ಸಿಟ್ಟಿಟ್ಟುಕೊಂಡಿದ್ದರೆ ಆ ಸಂಜೆಯನ್ನು ನೆನೆಯುವ ಅಗತ್ಯ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಹಾಗೆ ನಡೆಯಿತು. ಏಪ್ರಿಲಿನ ಪತ್ರದಲ್ಲಿ, ಯಾರೋ ಇಳಿಸಿರಬೇಕು ಎಂದು ನಿನ್ನನ್ನು ಚುಚ್ಚಿದೆನಲ್ಲ, ಆಗಲೂ ನನ್ನ ಭಾಗವನ್ನು ಬರೆಯಲಿಲ್ಲ.

ನೀನು ಹೇಳದಿದ್ದುದಕ್ಕೆ ನಾನೂ ಕಾರಣ. ನನ್ನ ಮಕ್ಕಳ ಕಾಟ ತಡೆಯಲಾಗದಾಗಲೆಲ್ಲ, "ನಿನಗೇನಮ್ಮ ಕುಲ್ಸುಂ, ಮಕ್ಕಳ ತಾಪತ್ರಯ ಇಲ್ಲ, ಆರಾಮು" ಎಂದು ಎಷ್ಟು ಸಲ ಅಂದಿದ್ದೇನೆ. ನೀನು ಡಬ್ಬಿ ತೊಳೆಯಲು ಎದ್ದು ಹೋಗುತ್ತಿದ್ದೆ. ಆಗ ನನಗೆ ಅದು ಬರಿಯ ಡಬ್ಬಿ ತೊಳೆಯುವುದಾಗಿತ್ತು.

ಆ ಸಾಲು ಬರೆದದ್ದು ನೆನಪಿದೆ ಎಂದು ಹೇಳಿದರೆ ನಿನಗೆ ಒಂದಿಷ್ಟು ಹಿತವಾಗುತ್ತಿತ್ತೇನೋ. ನೆನಪಿಲ್ಲ. ಅಫ್ಜಲ್ ಬಂದು ನಿಂತದ್ದೂ ನೆನಪಿಲ್ಲ. ಅಕ್ಷರ ನೆಟ್ಟಗಿದೆ, ಹಾಗಾಗಿ ಬೆಳಿಗ್ಗೆ ಬಂದಿರಬೇಕು. ಅಷ್ಟು ಮಾತ್ರ ಹೇಳಬಲ್ಲೆ. ಆಗ ನಾನು ಮಗುವಿನ ಹೆಸರೇನು ಎಂದು ಅವರನ್ನು ಕೇಳಿಯೇ ಇರಲಿಲ್ಲವೋ ಏನೋ. ಎರಡು ದಿನದ ಮಗು ಎಂದರೆ ಕೇಳುತ್ತಿರಲಿಲ್ಲ, ನೇರ ಹೆಣ್ಣು ಮಗು, ಗಂಡು ಮಗು ಎಂದು ಬರೆದುಬಿಡುತ್ತಿದ್ದೆ.

ಈಗ ಕೇಳುತ್ತಿದ್ದೇನೆ. ಏನೆಂದು ಕರೆದಿದ್ದೆ?

ನಿನ್ನ ಅಕ್ಕ,
ಮಂಜುಳ


ಶಿವಾಜಿನಗರ
10 ಜುಲೈ 2025

ಅಕ್ಕ,

ಜಹನಾರಾ ಎಂದು. ನಾನೊಬ್ಬಳೇ ಕರೆದದ್ದು, ಅದೂ ಒಂದು ಬೆಳಿಗ್ಗೆ, ಅವರು ಎತ್ತಿಕೊಂಡು ಹೋಗುವ ಮುಂಚೆ. ಅಫ್ಜಲಿಗೂ ಹೇಳಿರಲಿಲ್ಲ. ಕಾಗದದ ಮೇಲೆ ಬರೆದದ್ದು ಇದೇ ಮೊದಲು. ನಮ್ಮ ಉರ್ದುವಿನಲ್ಲಿ ಬರೆಯಬೇಕೋ ಕನ್ನಡದಲ್ಲೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಓದುವವರು ನೀವು, ಅದಕ್ಕೆ ಕನ್ನಡದಲ್ಲಿ ಬರೆದೆ.

ಭಾನುವಾರ ಬರುತ್ತೇನೆ.

ಕುಲ್ಸುಂ